ಅಂಚಿನಿಂದ ಅಳತೆ

2024ರ ಆಗಸ್ಟ್ 21, ಬುಧವಾರ, ಸಂಜೆ 4 ಗಂಟೆ 50 ನಿಮಿಷ, ಮಳೆ ನಿಂತಿದೆ, ಟೇಪಿನ ಉಕ್ಕಿನ ಕೊಂಡಿ ಅಂಗೈಯಲ್ಲಿ ತಣ್ಣಗಿದೆ, ಬರುತ್ತಾಳೋ ಇಲ್ಲವೋ — ಬಂದಳು, ಒಂಬತ್ತನೆಯ ತರಗತಿಯ ಪ್ರಿಯಾಂಕಾ, ಹನ್ನೊಂದು ದಿನಗಳ ಮೇಲೆ ಶಿಗ್ಲಿಯ ಈ ಮೈದಾನಕ್ಕೆ, ನನ್ನ ಮುಖ ನೋಡದೆ ಓಟದ ಹಾದಿಯ ಆ ತುದಿಗೆ ಹೋಗಿ ನಿಂತಳು, ಬರಿಗಾಲಿಗೆ ಎರೆಮಣ್ಣು ಮೆತ್ತಿಕೊಂಡಿದೆ, ತಪ್ಪು ನನ್ನದು, ವಿಜ್ಞಾನ ಕಲಿಸುವವಳದು, ಉದ್ದ ಜಿಗಿತವನ್ನು ಅವಳ ಕಾಲು ನೆಲ ಬಿಟ್ಟ ಜಾಗದಿಂದ ಅಳೆಯುತ್ತಿದ್ದೆ, ಬೆರಳಿನ ಗುರುತಿನಿಂದ ಹಿಮ್ಮಡಿಯ ಗುರುತಿಗೆ, ನಿಜವಾಗಿ ಹಾರಿದ ದೂರ ಅದೇ ಅಲ್ಲವೇ, 4 ಮೀಟರ್ 12 ಎಂದು ಬರೆದುಕೊಟ್ಟೆ, ಹುಡುಗಿ ಊರೆಲ್ಲ ಹೇಳಿಕೊಂಡು ಬಂದಳು, ಲಕ್ಷ್ಮೇಶ್ವರದ ತಾಲ್ಲೂಕು ಕ್ರೀಡಾಕೂಟದಲ್ಲಿ ಅಳೆದದ್ದು ಮೆಟ್ಟುವ ಹಲಗೆಯ ಉಸುಕಿನ ಕಡೆಯ ಅಂಚಿನಿಂದ, ಹಾರಿದ್ದು ಅಲ್ಲೂ ಅಷ್ಟೇ, ಆದರೆ ಅವಳ ಬೆರಳು ಅಂಚಿಗಿಂತ 28 ಸೆಂಟಿಮೀಟರ್ ಹಿಂದೆ, 3 ಮೀಟರ್ 84, ಗೆಳತಿ ಅಲ್ಫಿಯಾ ನಕ್ಕೇಬಿಟ್ಟಳು, ಊರಾಗ ನಾಕು, ಇಲ್ಲಿ ಮೂರೇನಲೇ, ಉಳಿದದ್ದು ಬಸ್ಸಿನ್ಯಾಗ ಬಿಟ್ಟು ಬಂದ್ಯೇನು? ಮರುದಿನದಿಂದ ಇವಳು ಮೈದಾನಕ್ಕಿಲ್ಲ, ತರಗತಿಯಲ್ಲಿ ಕೈ ಎತ್ತುವುದೂ ಇಲ್ಲ, ಪ್ರಶ್ನೆ ಕೇಳಿ ಕೇಳಿ ನನ್ನ ತಲೆ ತಿನ್ನುತ್ತಿದ್ದವಳು — ಕಣ್ಣಿಂದ ಹೋಗುತ್ತಿಲ್ಲ ಆ ಗುರುತು, ಹಲಗೆಯ ಹಿಂದೆ, ಒದ್ದೆ ಮಣ್ಣಿನಲ್ಲಿ ಐದು ಬೆರಳು.

ನಿನ್ನೆ ಅವರ ಮನೆಯ ಕಟ್ಟೆಯ ಮೇಲೆ ಕೂತೆ, ತಾಯಿ ಕರಿಯವ್ವ ಶೇಂಗಾ ಸುಲಿಯುತ್ತಿದ್ದಳು, ಆಟ ಸಾಕ್ರಿ ಅಕ್ಕಾರ, ಮಂದಿ ನಗತಾರ, ತಪ್ಪು ನಂದ್ರಿ ಎಂದೆ, ಅವಳ ಕೈ ನಿಂತಿತು, ನೀವೂ ತಪ್ಪತೀರೇನ್ರಿ? ಬಾಗಿಲ ಹಿಂದಿನಿಂದ ಮಗಳ ದನಿ, ಹಂಗಾರ ನಾ ನಾಕು ಹಾರಿದ್ದು ಸುಳ್ಳೇನ್ರಿ? ಇಲ್ಲವಾ, ಖರೇನ ಹಾರೀದಿ, ಹಲಿಗಿ ಮೆಟ್ಟೂದು ನಾ ಕಲಿಸಲಿಲ್ಲ, ನಾಳಿ ಉಸುಕು ಕೆದರಿ ಇಟ್ಟಿರತೇನಿ ಎಂದು ಎದ್ದು ಬಂದೆ, ದಾರಿಯುದ್ದಕ್ಕೂ ಅದೇ ಐದು ಬೆರಳು — ಅಕ್ಕಾರ, ಎಲ್ಲಿಂದ ಅಳಿತೀರಿ? ಈಗ ಆ ತುದಿಯಿಂದ ಕೂಗುತ್ತಿದ್ದಾಳೆ, ಅಂಚಿನಿಂದನವಾ, ನಾನು ಸುಣ್ಣ ಬಳಿದ ಹಲಗೆಯ ಪಕ್ಕ ಅಲ್ಫಿಯಾ ಆಗಲೇ ಕುಕ್ಕರಗಾಲಲ್ಲಿ, ಬೆರಳು ಅಂಚು ದಾಟುತ್ತದೆಯೇ ನೋಡಲು, ಬಾ ಲೇ, ಕಣ್ಣು ಮಿಟುಕಿಸಂಗಿಲ್ಲ ನಾ, ಹಲಗೆಯಿಂದ ನಾನು ಹೆಜ್ಜೆ ಎಣಿಸಿ ಇಟ್ಟ ಕಲ್ಲಿನಿಂದ ಹೊರಟಳು, ಅಂಚು ದಾಟಿದರೆ ಜಿಗಿತ ಲೆಕ್ಕಕ್ಕೇ ಇಲ್ಲ, ಅದು ಅವಳಿಗೂ ಗೊತ್ತು, ಆದರೂ ಓಟ ಸಡಿಲಿಸುತ್ತಿಲ್ಲ, ಜಡೆ ಬೆನ್ನಿಗೆ ಬಡಿಯುತ್ತಿದೆ, ಧಪ್ — ಉಸುಕಿನಲ್ಲಿ ಕೂತಲ್ಲೇ ಹಿಂತಿರುಗಿ ಹಲಗೆ ನೋಡುತ್ತಿದ್ದಾಳೆ, ಎಷ್ಟಾತು ಎನ್ನುತ್ತಿಲ್ಲ, ಎದ್ದು ಬಂದು ಟೇಪಿಗೆ ಕೈ ಚಾಚಿದಳು, ಕೊಡ್ರಿಲ್ಲೆ, ನಾ ಅಳೀತೇನಿ, ಬಿಳಿ ಸುಣ್ಣದ ಮೇಲೆ ಕಪ್ಪಗೆ ಐದು ಬೆರಳು, ಐದೂ ಹಲಗೆಯ ಮೇಲೆ, ಬೆರಳಿನಿಂದ ಅಂಚಿಗೆ 6 ಸೆಂಟಿಮೀಟರ್.