ಕೊನೆಯ ಸಾಲಿನ ಸ್ವರ

"ಇದರೊಳಗೆ ಏನೋ ಸಿಕ್ಕಿಹಾಕ್ಕೊಂಡಿದೆ, ಸ್ವಲ್ಪ ನೋಡಿ ಮಾಮ," ಎಂದು ಗುಳ್ಳೆಪ್ಪ ತನ್ನ ಟ್ರಂಪೆಟ್ಟಿನ ಅಗಲ ಬಾಯಿಯನ್ನು ಬಲಗಡೆಯ ಕುರ್ಚಿಯವರ ಮುಖಕ್ಕೆ ಹಿಡಿದ. ಎಣ್ಣೆ ಮಾಮ ಕನ್ನಡಕವನ್ನು ಹಣೆಗೇರಿಸಿ, ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿದರು. ಕತ್ತಲೆ ಬಿಟ್ಟು ಅಲ್ಲಿ ಬೇರೇನೂ ಇರಲಿಲ್ಲ.

"ಏನಿಲ್ಲಪ್ಪ. ಎಣ್ಣೆ ಹಾಕಿದ್ಯಾ?"

ಬಾಟಲಿ ಕಾರ್ಖಾನೆಯ ಬ್ಯಾಂಡಿನವರು ಕೆಲಸ ಮುಗಿದ ಮೇಲೆ ಪ್ಯಾಕಿಂಗ್ ಗೋದಾಮಿನ ಮೂಲೆಯಲ್ಲಿ ಸೇರಿ ಅಭ್ಯಾಸ ಮಾಡುತ್ತಿದ್ದರು. ಸುತ್ತಲೂ ಸೂರಿನವರೆಗೆ ಪೇರಿಸಿದ ರಟ್ಟಿನ ಪೆಟ್ಟಿಗೆಗಳು ಊದಿದ್ದರಲ್ಲಿ ಅರ್ಧವನ್ನು ನುಂಗಿಬಿಡುತ್ತಿದ್ದವು. ಈಗಷ್ಟೇ ಹೆಜ್ಜೆಗೆ ತಕ್ಕಂತೆ ನುಡಿಸುವ ಹಳೆಯ ಮಾರ್ಚಿನ ಕೊನೆಯ ಸಾಲು ಮುಗಿದಿತ್ತು. ಆ ಸಾಲಿನ ತುದಿಯಲ್ಲಿ ಎತ್ತರದ ಸ್ವರವೊಂದಿದೆ. ಮೊದಲ ಟ್ರಂಪೆಟ್ಟಿನವನು ಅದನ್ನು ಹಿಡಿದು, ಮಾಸ್ಟರ್ ಕೈ ಇಳಿಸುವವರೆಗೂ ಬಿಡಬಾರದು. ಎಷ್ಟೋ ವರ್ಷಗಳಿಂದ ಗುಳ್ಳೆಪ್ಪ ಅದನ್ನು ತುಂಬಿದ ಕೊಡ ಹೊತ್ತವನಂತೆ ಚೆಲ್ಲದೆ ತಂದು ಮುಟ್ಟಿಸಿದ್ದ. ಇವತ್ತು ಸ್ವರ ತಪ್ಪಲಿಲ್ಲ, ಒಡೆಯಲೂ ಇಲ್ಲ. ಆದರೆ ಜ್ವರದಿಂದ ಎದ್ದು ಬಂದವರ ದನಿಯಂತೆ ಸಣ್ಣಗಿತ್ತು. ಬ್ಯಾಂಡ್ ಮಾಸ್ಟರ್ ಬೈಯಲಿಲ್ಲ, ಸುಮ್ಮನೆ ಕಿವಿ ಕೆರೆದುಕೊಂಡರು. ಬೈದಿದ್ದರೇ ಚೆನ್ನಾಗಿರುತ್ತಿತ್ತು.

ಗುಳ್ಳೆಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ದೀಪದ ಮುಂದೆ ಕೂತು, ಸಾಲಾಗಿ ಬರುವ ಬಾಟಲಿಗಳಲ್ಲಿ ಗಾಳಿಗುಳ್ಳೆ ಹುಡುಕುವುದು ಅವನ ಕೆಲಸ. ಸಾಸಿವೆ ಕಾಳಿನಷ್ಟು ಗುಳ್ಳೆ ಕಂಡರೂ ಎತ್ತಿ ಹೊರಗೆಸೆಯುವ ಮನುಷ್ಯ. ಎಣ್ಣೆ ಮಾಮ ಯಂತ್ರಗಳಿಗೆ ಎಣ್ಣೆ ಹಾಕುವವರು. ಕುಡಿಯುವ ಎಣ್ಣೆಗೂ ಅವರಿಗೂ ಸಂಬಂಧವಿಲ್ಲ ಎಂದು ಹೊಸಬರಿಗೆಲ್ಲ ಬಿಡಿಸಿ ಹೇಳಬೇಕಾಗುತ್ತಿತ್ತು. ಲೋಕದ ಸಕಲ ತೊಂದರೆಗಳೂ ಎಲ್ಲೋ ಒಂದು ಕಡೆ ಎಣ್ಣೆ ಒಣಗಿದ್ದರಿಂದಲೇ ಹುಟ್ಟುತ್ತವೆ ಎಂಬುದು ಅವರ ಸಿದ್ಧಾಂತ. ಗುಳ್ಳೆಪ್ಪನ ಎಡಗಡೆಯ ಕುರ್ಚಿ ಖಾಲಿಯಿತ್ತು. ಅದು ಎರಡನೆಯ ಟ್ರಂಪೆಟ್ ಊದುವ ಅವನ ಭಾಮೈದನದು, ಅಂದರೆ ಹೆಂಡತಿಯ ತಮ್ಮನದು. ಅವನು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಶಿಫ್ಟ್ ಬದಲಾಗಿದ್ದರಿಂದ ಸಂಜೆಯ ಅಭ್ಯಾಸಕ್ಕೆ ಬರಲಾಗುತ್ತಿರಲಿಲ್ಲ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಎರಡನೆಯ ಟ್ರಂಪೆಟ್ ಇದ್ದರೆಷ್ಟು, ಬಿಟ್ಟರೆಷ್ಟು.

ಕಷ್ಟ ಬಂದದ್ದು ಸರಿಯಾದ ಹೊತ್ತಿನಲ್ಲೇ. ಕಾರ್ಖಾನೆಯ ವಾರ್ಷಿಕ ಸಮಾರಂಭ ಹತ್ತಿರವಾಗಿತ್ತು. ಈ ಸಲ ಮಾರ್ಚಿನ ಕೊನೆಯ ಸಾಲಿಗೆ ಉಳಿದವರೆಲ್ಲ ಸುಮ್ಮನಾಗಬೇಕು, ಮೊದಲ ಟ್ರಂಪೆಟ್ ಒಂದೇ, ಅದೂ ಎದ್ದು ನಿಂತು ಊದಬೇಕು ಎಂದು ಮಾಸ್ಟರ್ ತೀರ್ಮಾನಿಸಿದ್ದರು. ಗುಳ್ಳೆಪ್ಪ ಬ್ಯಾಂಡಿಗೆ ಸೇರಿದ ದಿನದಿಂದ ಬಯಸಿದ್ದು ಅದೊಂದನ್ನೇ.

"ಆಗಲ್ಲ ಅನ್ನೋದಾದ್ರೆ ಈಗಲೇ ಹೇಳಿಬಿಡಿ," ಎಂದರು ಮಾಸ್ಟರ್, ಹಾಳೆಗಳನ್ನು ಮಡಿಸುತ್ತ. "ಹೊರಗಿನ ಬ್ಯಾಂಡಿಂದ ಯಾರನ್ನಾದ್ರೂ ಕರೆಸ್ತೀನಿ. ಆ ಹೊತ್ತಿಗೆ ಫಜೀತಿ ಬೇಡ."

"ಆಗುತ್ತೆ ಸರ್," ಎಂದ ಗುಳ್ಳೆಪ್ಪ.

ಆಮೇಲೆ ಶುರುವಾಯಿತು ರಿಪೇರಿ ಕೆಲಸ. ಮೊದಲು ಎಣ್ಣೆ ಮಾಮನ ಮಾತಿಗೆ ಮರ್ಯಾದೆ ಕೊಟ್ಟು ಬೆರಳಿನಿಂದ ಒತ್ತುವ ಮೂರೂ ವಾಲ್ವುಗಳನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿದ. ಬೆರಳು ಜಾರಿತೇ ಹೊರತು ಸ್ವರ ದಪ್ಪವಾಗಲಿಲ್ಲ. ತುಟಿಗಿಡುವ ಮೌತ್‌ಪೀಸ್ ಸವೆದಿದೆ ಎಂದು ಡ್ರಮ್ಮಿನವನು ಹೇಳಿದ, ತನಗೂ ತುತ್ತೂರಿಗೂ ಏನು ಸಂಬಂಧ ಎಂದು ಯೋಚಿಸದೆ. ಹೊಸ ಮೌತ್‌ಪೀಸ್ ಬಂತು. ತುಟಿ ಬಿಗಿ ಹಿಡಿಯಬೇಕು ಎಂದು ಒಬ್ಬ, ಬಿಗಿ ಹಿಡಿಯಲೇಬಾರದು ಎಂದು ಇನ್ನೊಬ್ಬ, ಹೊಟ್ಟೆಯಿಂದ ಊದು ಎಂದು ಮತ್ತೊಬ್ಬ. ಹತ್ತು ಜನ, ಹತ್ತು ಮಾತು. ಅಷ್ಟನ್ನೂ ಒಟ್ಟಿಗೆ ಪಾಲಿಸಲು ಹೋಗಿ, ಉಸಿರು ಎಲ್ಲಿಂದ ತೆಗೆದುಕೊಳ್ಳುವುದು ಎಂಬುದೇ ಮರೆತಂತಾಯಿತು.

ಮನೆಯಲ್ಲಿ ಇನ್ನೊಂದು ಗೊಂದಲ. ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಊದಿದರೆ ಸ್ವರ ಮೊದಲಿನಷ್ಟೇ ತುಂಬಿ ಬರುತ್ತಿತ್ತು. ಖುಷಿಯಿಂದ ಮೆಟ್ಟಿಲು ಹತ್ತಿ ಮಾಳಿಗೆಯ ಮೇಲೆ ಅದೇ ಸ್ವರ ಊದಿದರೆ ಮತ್ತೆ ಸಣಕಲು. ಅದೇ ತುತ್ತೂರಿ, ಅದೇ ತುಟಿ, ಅದೇ ಮನುಷ್ಯ. ಇದೆಂಥ ಲೆಕ್ಕ ಎಂದು ಅವನಿಗೆ ತಲೆ ಕೆಟ್ಟುಹೋಯಿತು.

"ನೀನೇ ಹೇಳು," ಎಂದು ಹೆಂಡತಿಯನ್ನು ಕೇಳಿದ. "ಯಾವುದು ಚೆನ್ನಾಗಿದೆ?"

"ನನಗೆ ಎರಡೂ ಒಂದೇ ಥರ ಕೇಳುತ್ತೆ, ಜೋರಾಗಿ," ಎಂದಳು ಅವಳು ಬಟ್ಟೆ ಮಡಿಸುತ್ತ.

"ಈ ಮೌತ್‌ಪೀಸೂ ಸರಿಯಿಲ್ಲ ಅನ್ಸುತ್ತೆ ಕಣೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಚ್ಚಲು ಖಾಲಿ ಮಾಡ್ರೀ, ನೀರು ಕಾದಿದೆ."

ಅವಳು ತಮಾಷೆಗೆ ಅಂದದ್ದು. ಆದರೂ ಗುಳ್ಳೆಪ್ಪನಿಗೆ ನೋವಾಯಿತು, ಏಕೆಂದರೆ ಅವನಿಗೂ ಒಳಗೊಳಗೇ ಅದೇ ಅನುಮಾನ ಹುಟ್ಟಿತ್ತು.

ಸಮಾರಂಭಕ್ಕೆ ಮುಂಚಿನ ವಾರ ಭಾಮೈದ ಹಳೆಯ ಶಿಫ್ಟಿಗೆ ಮರಳಿದ. ಬಂದವನೇ ಎಡಗಡೆಯ ಕುರ್ಚಿಯಲ್ಲಿ ಕೂತು, "ಹೇಗಿದೀರಾ ಭಾವ, ಇಳಿದುಹೋಗಿದೀರಲ್ಲ," ಎಂದ. ಮಾಸ್ಟರ್ ಮಾರ್ಚನ್ನು ಮೊದಲಿನಿಂದ, ಕೊನೆಯ ಸಾಲನ್ನೂ ಬಿಡದೆ, ಎಲ್ಲರೂ ಸೇರಿ ಒಮ್ಮೆ ಊದಿಬಿಡಿ ಎಂದರು. ಕೊನೆಯ ಸಾಲು ಬಂತು. ಗುಳ್ಳೆಪ್ಪ ಕಣ್ಣು ಮುಚ್ಚಿ ಉಸಿರು ಬಿಟ್ಟ. ಸ್ವರ ಎದ್ದು ನಿಂತಿತು. ತುಂಬಿದ, ದುಂಡನೆಯ, ರಟ್ಟಿನ ಪೆಟ್ಟಿಗೆಗಳಿಗೂ ನುಂಗಲಾಗದ ಅದೇ ಹಳೆಯ ಸ್ವರ.

"ನಾನೇನು ಹೇಳಿದ್ದೆ?" ಎಂದರು ಎಣ್ಣೆ ಮಾಮ ಸುತ್ತಲೂ ನೋಡುತ್ತ. "ಎಣ್ಣೆ ಒಳಗಿಳಿಯೋಕೆ ಸಮಯ ಬೇಕು."

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಗುಳ್ಳೆಪ್ಪ ಮಾಮನ ಕೈ ಕುಲುಕಿದ, ಹೊಸ ಮೌತ್‌ಪೀಸನ್ನು ಅಂಗಿಯ ತುದಿಯಿಂದ ಒರೆಸಿದ. ಅಷ್ಟು ಸಂತೋಷ ಅವನಿಗೆ ಈಚೆಗೆ ಆಗಿರಲಿಲ್ಲ. ಮಾಸ್ಟರ್ ಇನ್ನೊಮ್ಮೆ ಎಂದರು.

ಈ ಸಲ ಸ್ವರ ಎತ್ತರದಲ್ಲಿ ನಿಂತಿದ್ದಾಗ ಭಾಮೈದ ಸೀನಿದ. ರಟ್ಟಿನ ಧೂಳು ಅವನಿಗೆ ಆಗುತ್ತಿರಲಿಲ್ಲ. ಅವನು ಸೀನಿದ ಆ ಗಳಿಗೆಯಲ್ಲಿ ಗುಳ್ಳೆಪ್ಪನ ಸ್ವರ ಸೊರಗಿತು. ಭಾಮೈದ ಮತ್ತೆ ತುತ್ತೂರಿ ತುಟಿಗಿಟ್ಟುಕೊಂಡದ್ದೇ ತಡ, ಸ್ವರ ತುಂಬಿಕೊಂಡಿತು. ಉಳಿದವರು ಸೀನಿಗೆ ನಕ್ಕರು. ಗುಳ್ಳೆಪ್ಪನೊಬ್ಬ ನಗಲಿಲ್ಲ.

"ಸರ್, ಇನ್ನೊಂದೇ ಒಂದು ಸಲ," ಎಂದ.

ಮತ್ತೆ ಕೊನೆಯ ಸಾಲು. ಎತ್ತರದ ಸ್ವರಕ್ಕೆ ಬಂದು ಮುಟ್ಟಿದ ಮೇಲೆ ಗುಳ್ಳೆಪ್ಪ ಮೆಲ್ಲನೆ ಊದುವುದನ್ನು ನಿಲ್ಲಿಸಿದ. ತುತ್ತೂರಿ ತುಟಿಯ ಮೇಲೇ ಇತ್ತು, ಬೆರಳುಗಳು ವಾಲ್ವಿನ ಮೇಲೇ ಇದ್ದವು, ಕೆನ್ನೆ ಕೂಡ ಬಿಗಿದೇ ಇತ್ತು. ಉಸಿರು ಮಾತ್ರ ಹೋಗುತ್ತಿರಲಿಲ್ಲ. ಸ್ವರ ನಿಂತೇ ಇತ್ತು. ಮಾಸ್ಟರ್ ಅವನ ಕಡೆ ನೋಡಿ, ಭಲೆ ಎನ್ನುವಂತೆ ತಲೆಯಾಡಿಸಿದರು.

ಅಭ್ಯಾಸ ಮುಗಿದ ಮೇಲೆ ಸೈಕಲ್ ಸ್ಟ್ಯಾಂಡಿನಲ್ಲಿ ಗುಳ್ಳೆಪ್ಪ ಭಾಮೈದನನ್ನು ತಡೆದು ನಿಲ್ಲಿಸಿದ.

"ಕೊನೇ ಸಾಲಲ್ಲಿ ನಿನ್ನ ಹಾಳೇಲಿ ಏನು ಬರೆದಿದೆ?"

"ಕೆಳಗಿನ ಸ್ವರ."

"ನೀನು ಊದೋದು?"

ಭಾಮೈದ ಬೀಗದ ಕೈ ಹುಡುಕುವವನಂತೆ ಜೇಬು ತಡಕಿಕೊಂಡ. "ಮೇಲಿಂದು," ಎಂದ.

"ಯಾವಾಗಿಂದ?"

"ಮೊದಲಿಂದಾನೂ ಭಾವ. ನಿಮ್ಮನ್ನ ಮೊದಲನೇ ಕುರ್ಚೀಲಿ ಕೂರಿಸಿದ ದಿನ ನೀವು ತುಂಬ ಹೆದರಿದ್ರಿ. ಅಕ್ಕ ಬೇರೆ ಗೇಟ್ ಹತ್ರ ನಿಂತು ಕೇಳಿಸ್ಕೋತಿದ್ಲು. ನಾನೂ ಕೈ ಜೋಡಿಸೋಣ ಅಂತ ಊದಿದೆ. ಎಲ್ಲರೂ ಚೆನ್ನಾಗಿತ್ತು ಅಂದ್ರು. ಆಮೇಲೆ ನಿಲ್ಲಿಸೋಕೂ ಒಂದು ದಿನ ಅಂತ ಬೇಕಲ್ಲ, ಅದು ಬರಲೇ ಇಲ್ಲ."

"ಹಾಗಾದ್ರೆ ಇಷ್ಟು ವರ್ಷ ಜನ ಕೇಳಿದ್ದು ನಿಂದು."

"ಹಾಗಲ್ಲ. ಆ ಶಿಫ್ಟಲ್ಲಿದ್ದಾಗ ಊಟದ ಬಿಡುವಲ್ಲಿ ಒಬ್ಬನೇ ಊದಿ ನೋಡಿದೆ. ನಂದೂ ಸಣ್ಣಗೇ ಬಂತು ಭಾವ. ನಿಮ್ಮ ಜೊತೆಗಿದ್ರೇನೇ ಅದು ನಿಲ್ಲೋದು."

ಗುಳ್ಳೆಪ್ಪ ಅವನ ಮುಖವನ್ನೇ ನೋಡಿದ. ತಾನು ಉಸಿರು ನಿಲ್ಲಿಸಿದಾಗಲೂ ಸ್ವರ ತುಂಬಿಯೇ ಇತ್ತಲ್ಲ. ಹಾಗಿದ್ದರೆ ಇವನು ತನ್ನ ಮನಸ್ಸು ನೋಯಬಾರದೆಂದು ಸುಳ್ಳು ಹೇಳುತ್ತಿದ್ದಾನೆ. ಇಲ್ಲವೆ ಆಗ ತನ್ನ ಕಿವಿಯೇ ಸುಳ್ಳು ಹೇಳಿತೇ? ಇವನನ್ನು ಬೈಯಬೇಕೋ, ಕೈ ಮುಗಿಯಬೇಕೋ ತಿಳಿಯಲಿಲ್ಲ. ನಾಚಿಕೆಯಂತೂ ಆಯಿತು. ಆ ಸ್ವರವನ್ನು ಹೊಗಳಿದವರ ಮುಂದೆಲ್ಲ ತಾನು ಸಂಕೋಚದಿಂದ ತಲೆ ತಗ್ಗಿಸಿದ್ದು ಒಂದೊಂದಾಗಿ ನೆನಪಿಗೆ ಬಂತು.

"ಸಮಾರಂಭದ ದಿನ ಚಿಂತೆ ಮಾಡಬೇಡಿ," ಎಂದು ಭಾಮೈದ ದನಿ ತಗ್ಗಿಸಿದ. "ನೀವು ಎದ್ದು ನಿಲ್ಲಿ. ನಾನು ಪಕ್ಕದಲ್ಲಿ ಕೂತು, ತಲೆ ಬಗ್ಗಿಸಿಕೊಂಡು ಊದ್ತೀನಿ. ಇಷ್ಟು ವರ್ಷ ಗೊತ್ತಾಗದ್ದು ಆವತ್ತೊಂದು ದಿನ ಯಾರಿಗೆ ಗೊತ್ತಾಗುತ್ತೆ?"

"ಅಕ್ಕಂಗೆ ಹೇಳ್ಬೇಡ," ಎಂದಷ್ಟೇ ಹೇಳಿ ಗುಳ್ಳೆಪ್ಪ ಸೈಕಲ್ ಹತ್ತಿದ. ಅವಳಿಗೆ ಮೊದಲೇ ಗೊತ್ತಿದೆಯೇನೋ ಎಂಬ ಯೋಚನೆ ಅರ್ಧ ದಾರಿಯಲ್ಲಿ ಬಂತು. ಕೇಳುವ ಧೈರ್ಯ ಬರಲಿಲ್ಲ.

ಗೋಡೆಗಳ ಮಾರ್ದನಿ ಬೆರೆತು ದನಿ ತುಂಬಿಕೊಳ್ಳುವ ಬಚ್ಚಲುಮನೆಯಲ್ಲಿ ಅವನು ಮತ್ತೆ ಊದಲಿಲ್ಲ. ಕೆಲಸದಿಂದ ಬಂದವನೇ ಮಾಳಿಗೆ ಹತ್ತಿ, ಆ ಸಣ್ಣ ಸ್ವರವನ್ನು ಹಿಡಿಯುತ್ತಿದ್ದ, ಬಿಡುತ್ತಿದ್ದ. ಸುಧಾರಿಸುತ್ತಿದೆಯೋ ಹದಗೆಡುತ್ತಿದೆಯೋ ಹೇಳುವವರು ಯಾರೂ ಇರಲಿಲ್ಲ. ಮಾಸ್ಟರ್ ಬಳಿ ಹೋಗಿ ಎಲ್ಲ ಒಪ್ಪಿಕೊಂಡುಬಿಡಬೇಕು ಎಂದು ಬೆಳಗ್ಗೆ ಅನ್ನಿಸುತ್ತಿತ್ತು. ಭಾಮೈದ ಹೇಳಿದ ಹಾಗೇ ಆಗಲಿ, ಮಾನ ಉಳಿದರೆ ಸಾಕು ಎಂದು ಸಂಜೆ ಅನ್ನಿಸುತ್ತಿತ್ತು.

ಸಮಾರಂಭ ಕಾರ್ಖಾನೆಯ ಅಂಗಳದಲ್ಲಿ, ಬಯಲಿನಲ್ಲೇ. ಕಾರ್ಮಿಕರು, ಅವರ ಮನೆಯವರು, ಮುಂದಿನ ಸಾಲಿನಲ್ಲಿ ಮೇಲಧಿಕಾರಿಗಳು. ಮೂರನೆಯ ಸಾಲಿನಲ್ಲಿ ಹೆಂಡತಿ ಕೂತಿದ್ದಳು. ಮಾರ್ಚು ಸಾಂಗವಾಗಿ ಸಾಗಿತು. ಕೊನೆಯ ಸಾಲಿಗೆ ಮುಂಚೆ ಡ್ರಮ್ಮು ನಿಂತಿತು, ಉಳಿದವೂ ನಿಂತವು. ಮಾಸ್ಟರ್ ಅಂಗೈ ಮೇಲೆತ್ತಿದರು. ಗುಳ್ಳೆಪ್ಪ ಎದ್ದು ನಿಂತ.

ಎಡಗಡೆ ಭಾಮೈದ ತಲೆ ಬಗ್ಗಿಸಿ, ತುತ್ತೂರಿಯನ್ನು ತುಟಿಗೆ ತಂದಿದ್ದ. ಗುಳ್ಳೆಪ್ಪ ಒಂದು ಕೈ ಬಿಡಿಸಿಕೊಂಡು ಆ ತುತ್ತೂರಿಯನ್ನು ಕೆಳಗೆ, ಅವನ ಮಡಿಲಿಗೆ, ಮೆತ್ತಗೆ ಒತ್ತಿದ. "ಬೇಡ," ಎಂದ. ಆಮೇಲೆ ಊದಿದ.

ಸಾಲು ಮೇಲೇರಿತು. ಎತ್ತರದ ಸ್ವರ ಬಂತು. ಸಣ್ಣಗಿತ್ತು, ಅಂಚಿನಲ್ಲಿ ತುಸು ನಡುಗುತ್ತಿತ್ತು, ಬಯಲಿನ ಗಾಳಿಗೆ ಆಚೀಚೆ ಆಗುತ್ತಿತ್ತು. ಹಿಂದಿನ ಸಾಲಿನವರಿಗೆ ಕೇಳಿಸಿತೋ ಇಲ್ಲವೋ. ಗುಳ್ಳೆಪ್ಪ ಗುರುತಿಲ್ಲದ ಮನುಷ್ಯನ ಮಾತು ಕೇಳುವವನಂತೆ ಅದನ್ನು ಕೇಳಿಸಿಕೊಳ್ಳುತ್ತ, ಬಿಡದೆ ಹಿಡಿದ. ಮಾಸ್ಟರ್ ಕೈ ಇನ್ನೂ ಇಳಿಸಿರಲಿಲ್ಲ.

ಪಕ್ಕದಲ್ಲಿ ಭಾಮೈದನ ತುತ್ತೂರಿ ಮಡಿಲಲ್ಲಿ ಮಲಗಿತ್ತು. ಅವನ ಎರಡು ಬೆರಳು ಮಾತ್ರ, ಅದೇ ಸ್ವರದ ವಾಲ್ವುಗಳನ್ನು ಕೊನೆಯವರೆಗೂ ಒತ್ತಿ ಹಿಡಿದಿದ್ದವು.