ಕೊನೆಯ ಸಾಲು

“ಮೂರನೇ ಸಾಲಿನವ್ರಿಗೆ ದಾರೀನೇ ಸಿಗ್ಲಿಲ್ಲ ಅಂತ ಬರ್ದಿದ್ದೀರಿ. ಅಲ್ಲಿ ಯಾರೂ ಕಾಯ್ತಾನೇ ಇರ್ಲಿಲ್ವಲ್ಲ,” ಎಂದು ವಿಭಾಗದ ಮುಖ್ಯಸ್ಥೆ ಮೇಡಂ ಗ್ರಾಫಿನ ಮೇಲೆ ಪೆನ್ನಿಟ್ಟರು.

ಆಸ್ಪತ್ರೆಯ ವೈಫೈ ನೋಡಿಕೊಳ್ಳುವ ತಂತ್ರಜ್ಞ ಬಗ್ಗಿ ನೋಡಿದ. ಎರಡು ವಾರದಿಂದ ಅವನು ವೈಫೈಯಲ್ಲಿ ಯಾರದ್ದು ಮೊದಲು ಹೋಗಬೇಕೆಂಬ ಎರಡು ಪದ್ಧತಿಗಳನ್ನು ಹೋಲಿಸುತ್ತಿದ್ದ. ಒಂದರಲ್ಲಿ ಮೊದಲು ಬಂದವರಿಗೆ ಮೊದಲು ದಾರಿ. ಇನ್ನೊಂದರಲ್ಲಿ ವೈದ್ಯರ ಕರೆಗಳು ಮುಂದೆ, ಸ್ಕ್ಯಾನ್ ಚಿತ್ರಗಳು ಆಮೇಲೆ, ಉಳಿದದ್ದು ಕೊನೆಗೆ. ಮುಂದಿನ ಸಾಲು ಬರಿದಾಗುವ ತನಕ ಹಿಂದಿನದಕ್ಕೆ ಸರದಿಯಿಲ್ಲ. ರೋಗಿಗಳ ಮನೆಯವರಿಗೆ ತೊಂದರೆ ಬೇಡವೆಂದು ಈ ಧರ್ಮಾತ್ಮ ಪರೀಕ್ಷೆಗಾಗಿ ಕೊನೆಯ ಸಾಲಿನಲ್ಲಿ ತನ್ನ ಫೋನೊಂದನ್ನೇ ಕೂರಿಸಿದ್ದ. ನೆಲಮಾಳಿಗೆಯ ಅವನ ಕೋಣೆಯಲ್ಲಿ ಬೇರೆ ಸಿಗ್ನಲ್ ಸಿಗದು. ಮೂರು ದಿನ ಹಗಲೆಲ್ಲ ಫೋನಿಗೆ ಒಂದಕ್ಷರ ಬರಲಿಲ್ಲ. ಪದ್ಧತಿಯ ದೋಷ ಕೈಗೆ ಸಿಕ್ಕಿತೆಂದು ಹಿಗ್ಗಿದ್ದ.

ಈಗ ಅವನ ಕಿವಿ ಬಿಸಿಯಾಯಿತು. ಆ ಮೂರು ದಿನ ಅವನನ್ನು ನೆನೆದವರೇ ಇರಲಿಲ್ಲ. ಪದ್ಧತಿಯ ಮೇಲೆ ಸುಮ್ಮನೆ ಗೂಬೆ ಕೂರಿಸಿದ್ದ.

ಮೇಡಂ ಒಳ್ಳೆಯವರು, ಕಾರಣ ಕೇಳಲಿಲ್ಲ. ನಾಳೆ ಮಧ್ಯಾಹ್ನದೊಳಗೆ ಸರಿಯಾದ ಅಂಕಿ ಬೇಕು, ಸಾಲಿನಲ್ಲಿ ಕಾಯುವ ಸಂದೇಶ ಮನುಷ್ಯರೇ ಕಳಿಸಿದ್ದಾಗಬೇಕು ಎಂದರು. ಇಲ್ಲದಿದ್ದರೆ ಕೊನೆಯ ಸಾಲಿಗೂ ಪಾಲಿಡಿ ಎಂಬ ಅವನ ಸಲಹೆಯನ್ನು ಆಸ್ಪತ್ರೆಯ ಸಮಿತಿ ಮೂಸಿಯೂ ನೋಡುವುದಿಲ್ಲ. ವಾರ್ಡಿನಲ್ಲಿ ಮಲಗಿದವರಿಗೆ ಮನೆಯ ಕರೆ ಸೇರುವುದಿಲ್ಲ.

ಸಂಜೆ ಮನೆಗೆ ಬಂದು ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಜಾಲಾಡಿದ. ಗ್ಯಾಸಿನವನು, ಬಾಡಿಗೆ ಮನೆಯವರು, ಎಂದೋ ಕೆಲಸ ಬಿಟ್ಟ ಸಹೋದ್ಯೋಗಿಗಳು. ಕೊನೆಗೆ ತಂಗಿ. ಜಗಳವೇನೂ ಆಗಿರಲಿಲ್ಲ. ಅವಳೇ ಫೋನು ಮಾಡಲಿ ಎಂದು ಇವನು, ಇವನೇ ಮಾಡಲಿ ಎಂದು ಅವಳು, ಹಾಗೇ ಎರಡು ವರ್ಷ ಕಳೆದಿತ್ತು. ಈಗ ಇವನೇ ಮಾಡಿದ.

“ನಾಳೆ ಹತ್ತರಿಂದ ಹನ್ನೆರಡರವರೆಗೆ ನಂಗೆ ಏನಾದ್ರೂ ಕಳಿಸ್ತಾ ಇರ್ತೀಯಾ? ಆಫೀಸಿನ ಕೆಲಸ.”

ಅತ್ತ ತಂಗಿ ಕೇಳಿದಳು, “ಕೆಲಸಕ್ಕೆ ಮಾತ್ರಾನಾ ಅಣ್ಣ?”

ಹೂಂ ಎಂದುಬಿಟ್ಟ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಮರುದಿನ ಹತ್ತು ಕಳೆಯಿತು, ಹತ್ತೂಕಾಲು ಕಳೆಯಿತು. ಕೊನೆಯ ಸಾಲಿನಲ್ಲಿ ಕಾಯುತ್ತಿರುವ ಸಂದೇಶಗಳ ಲೆಕ್ಕ ಸೊನ್ನೆಯಲ್ಲೇ ಇತ್ತು. ಅವಳಿಗೂ ಬೇಕಾದಷ್ಟು ಕೆಲಸ ಇರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹತ್ತೂವರೆಗೆ ಪರದೆಯ ಮೇಲೆ ನಾಲ್ಕು ಕಾಣಿಸಿತು. ಆಮೇಲೆ ಹದಿನೇಳು. ಆಮೇಲೆ ಐವತ್ತೆರಡು. ವೈದ್ಯರ ಕರೆಗಳು ಸರಾಗವಾಗಿ ಹಾದುಹೋಗುತ್ತಿದ್ದವು. ಅವನ ಫೋನು ಸುಮ್ಮನಿತ್ತು. ಪಟವೋ, ಮಾತೋ, ಬೈಗುಳವೋ, ಏನು ಬಂದು ನಿಂತಿದೆಯೋ ತಿಳಿಯುವ ಹಾಗಿರಲಿಲ್ಲ. ಫೋನನ್ನು ಮೊದಲ ಸಾಲಿಗೆ ಹಾಕುವ ಒಂದು ಗುಂಡಿ ಒತ್ತಿದರೆ ಎಲ್ಲವೂ ಒಳಗೆ ಬರುತ್ತಿತ್ತು, ಅಂಕಿ ಹಾಳಾಗುತ್ತಿತ್ತು.

ಹನ್ನೆರಡಕ್ಕೆ ಇನ್ನೂ ಒಂದೂಕಾಲು ಗಂಟೆಯಿತ್ತು. ಅವನು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು, ಸಂಖ್ಯೆ ಏರುವುದನ್ನು ನೋಡುತ್ತ ಕುಳಿತ.