ಕೊನೆಯ ಹೊಲದ ಪಾಳಿ

ದಾನೇಶ್ವರಿ ಅಪ್ಪನ ಹಣೆಯ ಮೇಲೆ ವಿಭೂತಿಯ ಮೂರನೆಯ ಗೆರೆ ಎಳೆಯುತ್ತಿದ್ದಾಗ ಅಂಗಳದಿಂದ ಬಾಳೇಶನ ಮಾತು ಕೇಳಿಸಿತು.

“ಮೂರು ದಿನಾ ಕೆರಿ ತೂಬು ತೆರಿಯೂದು ಬ್ಯಾಡ್ರಿ. ನೀರು ಬಿಡೋ ಅಜ್ಜಾರ ಹೋಗ್ಯಾರ, ನಾವು ನೀರು ಹರಿಸ್ಕೋತ ಕುಂತರ ಊರಿಗೆ ಮರ್ಯಾದಿ ಏನು ಉಳೀತು? ಮೂರು ದಿನಾ ಆದ ಮ್ಯಾಲೆ ಮ್ಯಾಲಿನ ಹೊಲದಿಂದ ಸುರು ಮಾಡಿದರಾತು.”

ಹೌದು ಹೌದು ಎಂದು ನಾಲ್ಕು ದನಿ ಕೂಡಿದವು. ದಾನೇಶ್ವರಿಯ ಬೆರಳು ಅಪ್ಪನ ಹಣೆಯ ಮೇಲೆಯೇ ನಿಂತಿತು.

ಅಪ್ಪ ಕಲ್ಲಯ್ಯನನ್ನು ಗೋಡೆಗೆ ಆನಿಸಿ, ಎದೆಗೆ ಬಿಳಿ ಪಂಜೆ ಸುತ್ತಿ ಪದ್ಮಾಸನದಲ್ಲಿ ಕೂಡಿಸಿದ್ದರು. ಎಪ್ಪತ್ತೆರಡರ ಜೀವ. ನಿನ್ನೆ ಸಂಜೆ ಕೆರೆ ಏರಿಯಿಂದ ಬಂದು, ಚಹಾ ಕುಡಿದು, ಹಾಗೇ ಕಂಬಕ್ಕೆ ಒರಗಿದವನು ಏಳಲಿಲ್ಲ. ಮಚ್ಛೆ ಊರಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಗಳು ಬೆಳಗಾವಿಯಿಂದ ಮೊದಲ ಬಸ್ಸಿಗೆ ಹೊರಟು, ಖಾನಾಪುರದಲ್ಲಿ ಬಸ್ಸು ಬದಲಿಸಿ, ನಂದಗಡ ದಾಟಿ ಊರು ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಹಿಂದಿನ ರವಿವಾರವಷ್ಟೇ ಅಪ್ಪ ಫೋನು ಮಾಡಿದ್ದ. ಮಗಳು ಉಂಡಳೋ ಬಿಟ್ಟಳೋ ಕೇಳುವುದಿಲ್ಲ, ನೇರ ಕೆರೆಯ ಮಾತು! “ಬ್ಯಾಸ್ತವಾರದಿಂದ ಹೊಸಾ ಪಾಳಿ ದಾನವ್ವಾ. ಕುಮುದಿನಿ ಹೊಲದ ಭತ್ತ ಹಾಲು ತುಂಬಾಕತ್ತೈತಿ. ಈಗ ನೀರು ತಪ್ಪಿದರ ಬರೇ ಜೊಳ್ಳು.”

ಇವತ್ತು ಬ್ಯಾಸ್ತವಾರ.

ಕುಮುದಿನಿ ಒಳಬಾಗಿಲ ಹತ್ತಿರ ಹೆಂಗಸರ ನಡುವೆ ಕುಳಿತಿದ್ದಳು. ಕಾಲುವೆಯ ತುದಿಯ ಎರಡೆಕರೆ ಅವಳದು, ಅದರಾಚೆ ಅಡವಿ. ಗಂಡ ಇಲ್ಲ, ಮಕ್ಕಳಿಲ್ಲ, ಬಾವಿಯಿಲ್ಲ. ಬಾಳೇಶನ ಮಾತಿಗೆ ಅವಳು ತಲೆ ಎತ್ತಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು.

ದಾನೇಶ್ವರಿ ಅವಳ ಬಾಜು ಹೋಗಿ ಕುಳಿತಳು. “ಮಾವಶಿ, ಇವತ್ತ ಪಾಳಿ ನಿಮ್ಮದಲ್ಲಾ?”

“ನಕೊ ಗ ಬಾಳಾ, ಬ್ಯಾಡವ್ವಾ,” ಎಂದಳು ಕುಮುದಿನಿ ತನ್ನ ಮರಾಠಿ ಬೆರೆತ ಪಿಸುದನಿಯಲ್ಲಿ. “ಸಾವಿನ ಮನ್ಯಾಗ ಯಾರರ ನೀರು ಕೇಳತಾರೇನು? ಹೋದರ ಹೋಗಲಿ ಒಂದು ಪೀಕು.”

“ಹೊಲ ಹೆಂಗೈತಿ?”

ಕುಮುದಿನಿ ಅಂಗೈ ಅಗಲಿಸಿ ನೆಲಕ್ಕೆ ಆನಿಸಿದಳು. ಬೆರಳುಗಳ ನಡುವಿನ ಸಂದು ತೋರಿಸಿದಳು. ಅಷ್ಟಗಲ ಬಿರುಕು ಬಿಟ್ಟಿತ್ತು.

*

ದಾನೇಶ್ವರಿ ಎಂಟನೆಯ ಇಯತ್ತೆಯಲ್ಲಿದ್ದ ವರ್ಷ ಕೆರೆ ಅರ್ಧವೂ ತುಂಬಿರಲಿಲ್ಲ. ಮೇಲಿನ ಹೊಲದವರೆಲ್ಲ ಏರಿಯ ಮೇಲೆ ಸೇರಿ ಕಲ್ಲಯ್ಯನನ್ನು ಮುತ್ತಿದ್ದರು. ಆಗಿನ್ನೂ ಮೀಸೆ ಕಪ್ಪಗಿದ್ದ ಬಾಳೇಶನೇ ಮುಂದಾಳು. ತೂಬಿನ ಬಾಯಿಗೆ ಅವನ ಹೊಲ, ಅದರ ಬಾಜು ಕಲ್ಲಯ್ಯನದೇ ಒಂದೂವರೆ ಎಕರೆ.

“ಮಗ್ಗಲದಾಗಿನ ಹೊಲ ಬಿಟ್ಟು ಮೈಲಿ ದೂರ ನೀರು ಒಯ್ಯೂದು ಯಾವ ಶ್ಯಾಣ್ಯಾತನರಿ ಅಜ್ಜಾರ? ಅರ್ಧಾ ನೀರು ಕಾಲವಿ ಕುಡೀತೈತಿ!”

ಕಲ್ಲಯ್ಯ ಸಲಿಕೆಯ ಮೇಲೆ ಗದ್ದ ಊರಿ ನಕ್ಕಿದ್ದ. “ಖರೇ ಐತಿ. ಆದರ ಬಾಳೇಶಾ, ನಿನಗ ಮೊದಲ ಕೊಟ್ಟೆ ಅಂದ್ರ ನೀ ಹೊಲ ತೋಯಿಸ್ಕೊಂಡು ಮನಿಗೆ ಹೋಗಿ ಮಲಗತಿ. ಕಾಲವಿ ಒಡದ್ರೂ ನಿನಗೇನು, ಹೂಳು ತುಂಬಿದ್ರೂ ನಿನಗೇನು? ಕೊನೀ ಹೊಲಕ್ಕ ಮೊದಲ ಹೋತಂದ್ರ, ನಿನ್ನ ಪಾಳಿ ಬರೂತನಕಾ ನೀನೂ ಕಾಲವಿ ಕಾಯತಿ. ನಡುವಿನಾವರೂ ಕಾಯತಾರ. ಹನಿ ಪೋಲಾಗಾಂಗಿಲ್ಲ.”

ಆ ವರ್ಷ ಎಲ್ಲರೂ ಬೈದುಕೊಳ್ಳುತ್ತಲೇ ಕಾಲುವೆ ಕಾದರು, ಬಿರುಕಿಗೆ ಮಣ್ಣು ಮೆತ್ತಿದರು. ನೀರು ತುದಿಯಿಂದ ಮೇಲೇರುತ್ತ ಬಾಳೇಶನ ಹೊಲದವರೆಗೂ ಬಂತು. ಎಲ್ಲರಿಗಿಂತ ಕೊನೆಯ ಪಾಳಿ ಕಲ್ಲಯ್ಯ ತನಗೇ ಇಟ್ಟುಕೊಂಡಿದ್ದ. ಅವನ ಹೊಲದ ಬದುವಿಗೆ ಬರುವಷ್ಟರಲ್ಲಿ ತೂಬು ಕೆಮ್ಮಿ ಸುಮ್ಮನಾಯಿತು.

ಕಲ್ಲಯ್ಯನ ಹೆಂಡತಿ ಚಂದ್ರವ್ವ ಅವತ್ತು ಸೌಟು ಎಸೆದಿದ್ದಳು. “ಊರಿಗೆಲ್ಲಾ ನೀರು, ನಮ್ಮ ಹೊಲಕ್ಕ ಬಿಸಿಲು! ಎಂಥಾ ಗಂಡ್ಸಿಗೆ ಬಿದ್ನೋ ನಾನು!” ಸುಗ್ಗಿಯಲ್ಲಿ ಕುಮುದಿನಿ ಒಂದು ಚೀಲ ಅಕ್ಕಿ ಹೊತ್ತು ತಂದಾಗ ಬಾಗಿಲಲ್ಲೇ ತಿರುಗಿಸಿ ಕಳಿಸಿದಳು. ಕುಮುದಿನಿ ಮರುದಿನ ಮತ್ತೆ ತಂದಳು. ಮೂರನೆಯ ದಿನ ಚಂದ್ರವ್ವ ಸೋತಳು. ಅನ್ನ ಮಾಡಿ ಗಂಡನಿಗೂ ಮಗಳಿಗೂ ಬಡಿಸಿ, ತಾನೊಂದು ತುತ್ತು ಬಾಯಿಗಿಟ್ಟುಕೊಂಡು, “ಹಾಳಾದ್ದು, ರುಚಿ ಬ್ಯಾರೆ ಐತಿ,” ಎಂದು ಸಿಡುಕಿದಳು. ಕಲ್ಲಯ್ಯ ತಾಟಿನಿಂದ ತಲೆ ಎತ್ತದೆ ನಗುತ್ತಿದ್ದ.

*

ದಾನೇಶ್ವರಿ ಅಂಗಳಕ್ಕೆ ಬಂದಳು. “ಕಾಕಾ, ನಮ್ಮ ಲಿಂಗವಂತರೊಳಗ ಸೂತಕ ಎಲ್ಲೈತ್ರಿ? ತೂಬು ಯಾಕ ಮುಚ್ಚಬೇಕು?”

“ಸೂತಕ ಅಲ್ಲ ತಂಗಿ, ಇದು ಮರ್ಯಾದಿ.” ಬಾಳೇಶನ ಕಣ್ಣುಗಳು ಅತ್ತು ಕೆಂಪಾಗಿದ್ದವು. ಅವನು ಕೆಟ್ಟವನೇನಲ್ಲ. ರಾತ್ರಿಯಿಡೀ ಹೆಣದ ಹತ್ತಿರ ಕುಳಿತವನು, ಹೆಣ ಕೂಡಿಸಿ ಒಯ್ಯುವ ವಿಮಾನಕ್ಕೆ ಬಿದಿರು ಕಡಿದು ತಂದವನು ಅವನೇ. “ಅಜ್ಜಾರ ಇದ್ದಾಗ ಅವರ ಮಾತು ನಡೀತು. ಇನ್ನ ದಿನಾ ತುದೀತನಕಾ ಅಡ್ಡಾಡಿ ನೋಡಾವರು ಯಾರದಾರ, ಹೇಳು? ಮ್ಯಾಲಿಂದ ಬಿಟ್ಟರ ಎಲ್ಲಾರಿಗೂ ಸಸಾರ.”

“ಕುಮುದಿನಿ ಮಾವಶಿ ಪಾಳಿ?”

“ಹನ್ನೆರಡು ದಿನದಾಗ ಬರತೈತಲ್ಲ.”

ಹನ್ನೆರಡು, ಮೇಲೆ ಮೂರು. ಅಷ್ಟರಲ್ಲಿ ಆ ಭತ್ತ ದನಕ್ಕೆ ಹಾಕಲೂ ಬರುವುದಿಲ್ಲ. ಇದು ಬಾಳೇಶನಿಗೆ ಗೊತ್ತಿಲ್ಲವೆಂದಲ್ಲ. ದುಃಖದ ಭರದಲ್ಲಿ ಅವನಿಗೆ ಅದು ನೆನಪಾಗಿರಲಿಲ್ಲ, ಅಷ್ಟೆ. ನಲವತ್ತು ವರ್ಷ ಅಪ್ಪ ಕಟ್ಟಿದ್ದನ್ನು ಅಪ್ಪನ ಹೆಸರು ಹೇಳಿಯೇ ಕೆಡವುತ್ತಿದ್ದಾರಲ್ಲ! ದಾನೇಶ್ವರಿ ಹೇಳಬೇಕೆಂದರೆ ಅಳುವೇ ಮುಂದಾಗಿ ಬರುತ್ತಿತ್ತು.

ಆಗ ಒಳಗಿನಿಂದ ಚಂದ್ರವ್ವನ ದನಿ ಬಂತು. ಬೆಳಗಿನಿಂದ ಅವಳು ಗಂಡನ ಬಾಜುವೇ ಕುಳಿತಿದ್ದಳು.

“ಬಾಳೇಶಾ, ಇಲ್ಲಿ ಬಾ.”

ಬಾಳೇಶ ಹೊಸ್ತಿಲಲ್ಲಿ ಬಂದು ನಿಂತ. ಚಂದ್ರವ್ವ ಗಂಡನ ಮೊಣಕಾಲ ಮೇಲಿಟ್ಟ ಕೈ ತೆಗೆಯಲಿಲ್ಲ.

“ಕೊನೀ ಹೊಲದ ಪಾಳಿ ದಿನ ಇವರು ಮನ್ಯಾಗ ಊಟಾ ಮಾಡತಿದ್ದಿಲ್ಲ. ಆಕಿ ಹೊಲ ತೊಯ್ದ ಮ್ಯಾಲೇನ ತಾಟಿಗೆ ಕುಂದರತಿದ್ದರು. ನಾ ಎಷ್ಟು ಬೈದೀನಿ, ಎಷ್ಟು ಅತ್ತೀನಿ, ನಿನಗ ಗೊತ್ತೈತಿ. ಇವತ್ತ ನೀ ಇವರನ್ನ ಉಪಾಸ ಕಳಸ್ತಿ ಏನು?”

ಬಾಳೇಶ ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡ. “ತಪ್ಪಾತರಿ ಅವ್ವಾರ,” ಎಂದ ಕೊನೆಗೆ. “ಈಗ ತೆರದು ಬರತೀನಿ.”

ಎರಡು ಹೆಜ್ಜೆ ಹೋದವನು ತಿರುಗಿ ನಿಂತ. “ಆದರ… ತೂಬಿನ ಚಕ್ರ ಎಷ್ಟು ಸುತ್ತು ತಿರುವಬೇಕರಿ?”

ಅಂಗಳದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟೂ ವರ್ಷ ಆ ಚಕ್ರ ಮುಟ್ಟಿದ ಕೈ ಒಂದೇ. ಹೆಚ್ಚು ತಿರುವಿದರೆ ಕಾಲುವೆ ಒಡೆಯುತ್ತದೆ, ಕಡಿಮೆಯಾದರೆ ನೀರು ತುದಿ ಮುಟ್ಟುವುದಿಲ್ಲ. ಊರ ಮಂದಿಗೆ ಪಾಳಿ ಗೊತ್ತು, ಸುತ್ತು ಗೊತ್ತಿಲ್ಲ.

“ಆರೂವರಿ,” ಎಂದಳು ಚಂದ್ರವ್ವ. “ಮೊದಲ ನಾಕು. ನೀರು ಆಲದ ಗಿಡ ದಾಟಿದ ಮ್ಯಾಲೆ ಇನ್ನ ಎರಡೂವರಿ. ದಿನಾ ಬಂದು ಅದನ್ನ ಹೇಳತಿದ್ದರು. ಕೇಳಾಂಗಿಲ್ಲ ಅಂತ ನಾ ಮಾರಿ ತಿರುವತಿದ್ದೆ.” ಅಷ್ಟು ಹೇಳಿ ಗಂಡನ ಮೊಣಕಾಲಿಗೆ ಹಣೆ ಹಚ್ಚಿ ಗಳಗಳ ಅತ್ತುಬಿಟ್ಟಳು.

ದಾನೇಶ್ವರಿ ಕುಮುದಿನಿಯ ರಟ್ಟೆ ಹಿಡಿದು ಎಬ್ಬಿಸಿದಳು. “ಏಳ್ರಿ ಮಾವಶಿ, ಮುಂದ ಹೋಗಿ ನೀರು ಹಿಡಕೋರಿ.”

“ಅಜ್ಜಾರನ್ನ ಬಿಟ್ಟು?”

“ಹೊಲ ಒಣಗಿಸಿ ಇಲ್ಲಿ ಕುಂತರ ಅಪ್ಪ ನಿಮ್ಮನ್ನ ಬೈತಾನ.”

ಕುಮುದಿನಿ ಅಳುತ್ತಲೇ ನಕ್ಕಳು. ಕಲ್ಲಯ್ಯನ ಪಾದ ಮುಟ್ಟಿ, ಸೆರಗು ಸಿಕ್ಕಿಸಿ ಹೊರಟಳು.

*

ಮಧ್ಯಾಹ್ನ ವಿಮಾನ ಎದ್ದಿತು. ಹೂವಿನ ನಡುವೆ ಕಲ್ಲಯ್ಯ ಕುಳಿತೇ ಹೊರಟ. ಭಜನೆಯವರು ಮುಂದೆ, ಹೆಂಗಸರು ಹಿಂದೆ. ಸ್ಮಶಾನದ ದಾರಿ ಕಾಲುವೆಯ ಗುಂಟವೇ ಹೋಗುತ್ತದೆ. ಕೆಂಪಗಿನ ನೀರು ಒಣ ಎಲೆ ತಳ್ಳಿಕೊಂಡು ಪಕ್ಕದಲ್ಲೇ ಹರಿಯುತ್ತಿತ್ತು. ಎಲ್ಲೋ ಒಂದು ಕಡೆ ದಂಡೆ ಜಿನುಗುವುದು ಕಂಡು ಭಜನೆಯ ಬೀರಣ್ಣ ತಾಳ ಬಾರಿಸುವುದನ್ನು ಬಿಟ್ಟು ಇಳಿದ, ಹಿಮ್ಮಡಿಯಿಂದ ಮಣ್ಣು ಒತ್ತಿ, ಓಡಿ ಬಂದು ಮತ್ತೆ ಭಜನೆ ಸೇರಿಕೊಂಡ. ಮುಂದೆ ಇನ್ನೊಬ್ಬ ಇಳಿದ. ಆಮೇಲೆ ಮತ್ತೊಬ್ಬ. ಯಾರೂ ಯಾರಿಗೂ ಹೇಳಲಿಲ್ಲ. ಹೆಗಲು ಕೊಟ್ಟಿದ್ದ ಬಾಳೇಶನಂತೂ ತನ್ನ ಹೊಲದ ಬಾಯಿ ಬಂದಾಗ ನಿಂತೇಬಿಟ್ಟ, ಅದು ಗಟ್ಟಿಯಾಗಿ ಮುಚ್ಚಿದೆಯೋ ಇಲ್ಲವೋ ಕಾಲಿಂದ ಒತ್ತಿ ನೋಡಿಯೇ ಮುಂದೆ ನಡೆದ.

ಕುಣಿಯಲ್ಲಿ ಕೂಡಿಸಿ, ಪತ್ರೆ ಏರಿಸಿ, ವಿಭೂತಿ ಹಾಕಿ ಆಯಿತು. ಒಬ್ಬೊಬ್ಬರೇ ಹಿಡಿ ಮಣ್ಣು ಹಾಕಿದರು. ಕಾರ್ತಿಕದ ಬಿಸಿಲಿಗೆ ಒಣಗಿದ ಮಣ್ಣು ಬೆರಳ ಸಂದಿನಿಂದ ಪುಡಿಪುಡಿಯಾಗಿ ಉದುರಿತು.

“ಆತೇನ್ರಿ? ಇನ್ನ ಮುಚ್ಚೂಣೇನು?” ಎಂದು ಸ್ವಾಮಿಗಳು ಕೇಳಿದರು.

“ಇನ್ನೊಬ್ಬರು ಬರೂದೈತ್ರಿ,” ಎಂದಳು ದಾನೇಶ್ವರಿ.

ಸಲಿಕೆ ಹಿಡಿದವರು ಕಾದರು. ಬಿಸಿಲು ಸುಡುತ್ತಿತ್ತು, ಆದರೂ ಯಾರೂ ಗೊಣಗಲಿಲ್ಲ. ಚಂದ್ರವ್ವ ಕಾಲುವೆಯ ತುದಿಯ ಕಡೆ ಮುಖ ಮಾಡಿ ನಿಂತಿದ್ದಳು.

ಕುಮುದಿನಿ ಓಡುತ್ತ ಬಂದಳು. ಮೊಣಕಾಲುದ್ದ ಕೆಸರು, ಸೀರೆ ತೊಯ್ದು ತೊಪ್ಪೆಯಾಗಿತ್ತು. ಮಂದಿ ಸರಿದು ದಾರಿ ಕೊಟ್ಟರು. ಕುಣಿಯ ಪಕ್ಕದ ಒಣ ಮಣ್ಣಿನ ಗುಡ್ಡೆಗೆ ಅವಳು ಕೈ ಹಾಕಲಿಲ್ಲ. ಬಗ್ಗಿ, ಅಷ್ಟು ದೂರದ ತನ್ನ ಹೊಲದಿಂದ ಮುಷ್ಟಿಯಲ್ಲಿ ಹಿಡಿದು ತಂದಿದ್ದನ್ನು ಕಲ್ಲಯ್ಯನ ಮಡಿಲಿಗೆ ಬಿಟ್ಟಳು. ಅದು ಉದುರಲಿಲ್ಲ. ಹಸಿಹಸಿ ಮುದ್ದೆಯಾಗಿ ಪತ್ರೆಯ ಮೇಲೆ ಕುಳಿತಿತು, ಐದೂ ಬೆರಳಿನ ಅಚ್ಚು ಹೊತ್ತು.